ಕಿವಿಗೆ ಬೀಳದ ಸುದ್ದಿ

ನವೆಂಬರ್ 4, ಸೋಮವಾರ

ನಾಳೆಯಿಂದ ಐದು ದಿನ ಒಲೆ ನನ್ನದು. ಕಾರ್ತಿಕ ಮಾಸದಲ್ಲಿ ನನಗೆ ಸರದಿ ಬಂದು ಏಳು ವರ್ಷವಾಗಿತ್ತು. ಈ ತಿಂಗಳು ಪುರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಥಬೀದಿಯ ಗೂಳಿಗಳು ಕೂಡ ಯಾತ್ರಿಕರ ಹಿಂದೆ ಸಾಲು ನಿಂತಂತೆ ಕಾಣುತ್ತವೆ. ಜಗನ್ನಾಥನಿಗೆ ಅಡುಗೆ ಮಾಡುವ ಸುವಾರರ ಮನೆಯವರು ನಾವು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಆ ಹೊಗೆಯಲ್ಲೇ ಕಣ್ಣು ಕಳೆದುಕೊಂಡವರು. ಕಾಲೇಜಿಗೆ ಹೋಗಿ ಬಂದು ಕಳೆದುಕೊಂಡವನು ನಾನೊಬ್ಬನೇ.

ಬಿ.ಎ. ಓದಿ ಬೇಯಿಸಿದೆ ಬೇಳೆ,
ನೌಕರಿ ಕೇಳಿದರೆ ಅಂದರು, ನಾಳೆ.

ಸಂಜೆ ಉಛಬ ಬಡಬಾಪಾ ಬಂದಿದ್ದರು. ನಮ್ಮ ಒಲೆಗಳಿಗೆಲ್ಲ ಹಿರಿಯರು, ನನಗೆ ದೊಡ್ಡಪ್ಪನ ಲೆಕ್ಕ. ಎಪ್ಪತ್ತೆರಡು ವರ್ಷದ ಬೆಂಕಿಗೆ ಹುಬ್ಬು ಸುಟ್ಟುಹೋಗಿದೆ. ಹಾಗಾಗಿ ಅವರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಮುಖ ನೋಡಿ ಹೇಳಲಾಗದು.

"ಚಕಾ, ಮನೇಲೆಲ್ಲಾ ಶುದ್ಧ ತಾನೆ? ಹುಟ್ಟು ಸಾವು ಏನೂ ಇಲ್ವಲ್ಲ?"

"ಹುಟ್ಟಿಸೋ ವಯಸ್ಸು ದಾಟ್ತು ಬಡಬಾಪಾ, ಸಾಯೋ ವಯಸ್ಸು ಇನ್ನೂ ಬರ್ಬೇಕು."

"ಬಾಯಿಗೆ ಬಟ್ಟೆ ಕಟ್ಕೊಳ್ಳೋದು ಒಲೆ ಮುಂದೆ ಮಾತ್ರ ಅಲ್ಲ, ಬೀದೀಲೂ ರೂಢಿ ಮಾಡ್ಕೋ."

ಪ್ರತಿ ಸರದಿಗೂ ಕೇಳುವ ಪ್ರಶ್ನೆ ಅದು. ಸೂತಕದವನು ಒಲೆ ಮುಟ್ಟುವಂತಿಲ್ಲ. ಆದರೆ ನಮ್ಮಲ್ಲಿ ಸೂತಕ ಶುರುವಾಗುವುದು ಸಾವಿನಿಂದ ಅಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಅದಕ್ಕೇ ನಮ್ಮ ಹರಚಂಡಿ ಬೀದಿಯಲ್ಲಿ ಸರದಿಯವನ ಮನೆ ಮುಂದೆ ಯಾರೂ ಜೋರಾಗಿ ಅಳುವುದಿಲ್ಲ. ಗಂಡನ ಚಿಕ್ಕಪ್ಪ ಹೋದ ಸುದ್ದಿಯನ್ನು ಐದು ದಿನ ಸೆರಗಿನಲ್ಲಿ ಗಂಟು ಹಾಕಿಕೊಂಡು ನಗುನಗುತ್ತ ಓಡಾಡಿದ ಹೆಂಗಸರಿದ್ದಾರೆ. ಹಾಗೆ ಬಚ್ಚಿಟ್ಟವರಿಗೆ ಪಾಪವಿಲ್ಲ. ಕೇಳಿಯೂ ಒಲೆಗೆ ಹೋದವನಿಗೆ ಮಾತ್ರ.

ಬಟಭಾಯಿ ಕಲ್ಕತ್ತೆಯ ಆಸ್ಪತ್ರೆಯಲ್ಲಿ ಮಲಗಿ ಹನ್ನೆರಡು ದಿನವಾಯಿತು. ನನ್ನ ಒಬ್ಬನೇ ಅಣ್ಣ. ಅತ್ತಿಗೆ ಹೋಗಿ ಬಹಳ ವರ್ಷವಾಗಿದೆ, ಜೊತೆಗೆ ಇರುವುದು ಮಗಳು ಟಿಕಿ ಒಬ್ಬಳೇ. ನಿನ್ನೆ ಅವಳ ಫೋನು ಬಂದಿತ್ತು.

"ಕಾಕಾ, ಬಾಪಾ ನಿಮ್ಮನ್ನ ಕೇಳ್ತಾ ಇದಾರೆ. ಒಂದ್ಸಲ ಬಂದು ಹೋಗಿ."

"ಹತ್ತನೇ ತಾರೀಕು ಬರ್ತೀನಮ್ಮಾ. ಮಧ್ಯದಲ್ಲಿ ಐದು ದಿನ ಸರದಿ."

"ಸರಿ, ಅಲ್ಲೀವರೆಗೂ ಇರಿ ಅಂತ ಬಾಪಾಗೆ ಹೇಳ್ತೀನಿ" ಅಂದಳು. ಹುಡುಗಿಗೂ ನಮ್ಮ ಮನೆಯ ನಾಲಿಗೆಯೇ ಬಂದಿದೆ.

ನವೆಂಬರ್ 5, ಮಂಗಳವಾರ

ಬೆಳಿಗ್ಗೆ ಐದೂ ಹತ್ತಕ್ಕೆ ಫೋನು. ಸ್ನಾನ ಮುಗಿಸಿ ಮಡಿ ಪಂಚೆ ಉಡುತ್ತಿದ್ದೆ. ಪರದೆಯ ಮೇಲೆ ಟಿಕಿಯ ಹೆಸರು. ಆ ಹೊತ್ತಿಗೆ ಯಾರೂ ಕ್ಷೇಮ ವಿಚಾರಿಸಲು ಫೋನು ಮಾಡುವುದಿಲ್ಲ. ಆದರೆ ಅದು ನನ್ನ ಊಹೆ. ಊಹೆಗೆ ಸೂತಕವಿಲ್ಲ.

ಎತ್ತಲಿಲ್ಲ. ಅದು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಬಡಿದುಕೊಂಡಿತು. ಆಮೇಲೆ ಒಂದು ಸಂದೇಶ ಬಂತು, ತೆರೆಯದೆಯೇ ಪರದೆಯ ಮೇಲೆ ಮೊದಲ ಸಾಲು ಮೂಡುತ್ತದಲ್ಲ, ಹಾಗೆ. "ಕಾಕಾ, ಬಾಪಾ" ಅಂತ ಎರಡು ಶಬ್ದ ಓದಿದೆ. ಮೂರನೆಯದು ಓದುವ ಮೊದಲು ಫೋನನ್ನು ಬೋರಲು ಹಾಕಿದೆ.

ಮೂರನೆಯ ಶಬ್ದ ಏನು ಬೇಕಾದರೂ ಇರಬಹುದು. "ಎದ್ದು ಕೂತಿದ್ದಾರೆ" ಅಂತ ಇರಬಹುದು. "ಚಹಾ ಕೇಳಿದರು" ಅಂತ ಇರಬಹುದು.

ಬಾಗಿಲ ಬಳಿ ಅಮ್ಮ, ನಮ್ಮ ಬೋವು, ಕೇಳಿದಳು. "ಯಾರ್ದೋ ಫೋನು? ಬಟಾ ಮಾಡಿದ್ನಾ?"

"ಇಲ್ಲ ಬೋವು."

ಬಟಭಾಯಿ ಮಾಡಿರಲಿಲ್ಲ. ಅಮ್ಮನಿಗೆ ಹೇಳಿದ್ದು ಸತ್ಯವೇ.

ಬಡಬಾಪಾ ಗುಡಿಯ ಅಡುಗೆಶಾಲೆಯ ಬಾಗಿಲಲ್ಲಿ ಮತ್ತೆ ಕೇಳಿದರು. "ಕಿವಿಗೇನೂ ಬಿದ್ದಿಲ್ಲ" ಅಂದೆ. ಮಧ್ಯಾಹ್ನದೊಳಗೆ ಒಂದರ ಮೇಲೊಂದು ಪೇರಿಸಿದ ಇನ್ನೂರ ನಲವತ್ತು ಮಡಕೆ ಅನ್ನ ಇಳಿಸಿದೆ. ದೇವರ ಮುಂದೆ ಹೋಗುವಾಗ ನಮ್ಮ ಅನ್ನಕ್ಕೆ ಪರಿಮಳವಿರುವುದಿಲ್ಲ, ಅವನು ಉಂಡ ಮೇಲೆ ಹೊರಗೆ ಬರುವಾಗ ಮಾತ್ರ ಘಮಘಮ ಅನ್ನುತ್ತದೆ. ಇವತ್ತು ಮಡಕೆಗಳು ಹೊರಗೆ ಬರುವ ತನಕ ಉಸಿರು ಹಿಡಿದು ನಿಂತಿದ್ದೆ.

ಘಮಘಮ ಅಂದಿತು. ಎಂದಿನಂತೆಯೇ.

ನವೆಂಬರ್ 6, ಬುಧವಾರ

ಒಟ್ಟು ಹದಿನಾರು ಕರೆ. ಹೆಂಡತಿ ಸುಕಾಂತಿಯ ಫೋನಿಗೂ ಬಂದಿದೆ. ಎತ್ತಿದಳೋ ಇಲ್ಲವೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನನ್ನ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟು ಮುಚ್ಚಳ ಹಾಕಿದಳು. ಕಣ್ಣು ಕೆಂಪಗಿತ್ತು.

"ಹೊಗೆ" ಅಂದಳು.

ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ.

ಲಕ್ಷ್ಮಿಗೆ ಅಡುಗೆ ಒಪ್ಪದಿದ್ದರೆ ಒಲೆಗಳ ನಡುವೆ ನಾಯಿಯ ನೆರಳು ಕಾಣುತ್ತದೆ, ಆಗ ಮಾಡಿದ್ದೆಲ್ಲ ಹೂಳಬೇಕು ಅಂತ ಹಿರಿಯರು ಹೇಳುತ್ತಾರೆ. ಇಡೀ ದಿನ ನಾಯಿ ಹುಡುಕಿದೆ. ಬೆಕ್ಕು ಕೂಡ ಬರಲಿಲ್ಲ.

ಮೇಲಿನ ಮಡಕೆ ಮೊದಲು ಬೇಯುವುದಂತೆ, ಯಾತ್ರಿಕರ ಮಾತು,
ಕೆಳಗಿನದು ಕರಕಾದದ್ದು ನಮಗಷ್ಟೇ ಗೊತ್ತು.

ನವೆಂಬರ್ 8, ಶುಕ್ರವಾರ

ಫೋನು ಬರುವುದು ನಿಂತಿದೆ. ಬಂದಾಗ ಇದ್ದ ತೊಂದರೆಗಿಂತ ಇದು ಹೆಚ್ಚಿನದು.

ಇವತ್ತು ಬೇಳೆಗೆ ಇಂಗು ಹಾಕುವಾಗ ಕೈ ನಿಂತಿತು. ಹದಿನೆಂಟು ವರ್ಷದ ಹಿಂದಿನ ಮಾತು ಬರೆದುಬಿಡುತ್ತೇನೆ, ಮತ್ತೆಂದೂ ಬರೆಯಬೇಕಾಗುವುದಿಲ್ಲ.

ಈ ಸರದಿ ನನ್ನದಲ್ಲ, ಬಟಭಾಯಿಯದು. ಹಿರಿಯ ಮಗ ಅವನು. ನಾನು ಅವನ ಕೈಕೆಳಗೆ ತರಕಾರಿ ಹೆಚ್ಚುತ್ತಿದ್ದೆ, ಬೂದಿ ಬಳಿಯುತ್ತಿದ್ದೆ. ಅವನಿಗೆ ಹೊಗೆಯಿಂದ ಕೆಮ್ಮು ಹತ್ತಿತು. ಕೆಮ್ಮುವವನು ಒಲೆಯ ಬಳಿ ಇರಬಾರದು, ಎಂಜಲು ಸಿಡಿದರೆ ಎಲ್ಲ ಕೆಟ್ಟಿತು. ಅವನು ತಡೆದುಕೊಳ್ಳುತ್ತಿದ್ದ, ಕುತ್ತಿಗೆಯ ನರ ಹಗ್ಗದಂತಾಗುತ್ತಿತ್ತು. ಒಂದು ದಿನ ತಡೆಯಲಾಗದೆ ಗೋಡೆಗೆ ಮುಖ ತಿರುಗಿಸಿ, ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಕೈ ಒತ್ತಿ, ಒಂದೇ ಒಂದು ಸಲ ಕೆಮ್ಮಿದ. ಅಷ್ಟು ಗದ್ದಲದಲ್ಲಿ ಕೇಳಿಸಿದ್ದು ನನಗೊಬ್ಬನಿಗೆ.

ನಾನು ಹೋಗಿ ಬಡಬಾಪಾಗೆ ಹೇಳಿದೆ.

ನಿಯಮ ನನ್ನ ಕಡೆಗಿತ್ತು. ತೊಂಬತ್ತು ಮಡಕೆ ಗುಂಡಿಗೆ ಹೋಯಿತು. ದೇವರಿಗೆ ಮತ್ತೆ ಮಹಾಸ್ನಾನ, ಮೂರು ಗಂಟೆ ದರ್ಶನ ಬಂದ್, ಗುಡಿಯ ಸಿಂಹದ್ವಾರದಿಂದ ಸಮುದ್ರದ ತನಕ ಜನ ಅವನಿಗೆ ಶಾಪ ಹಾಕಿದರು. ಅವನನ್ನು ಒಲೆಯಿಂದ ಬಿಡಿಸಿದರು. ಸರದಿ ತಮ್ಮನಿಗೆ ಬಂತು. ಅವನು ಕಲ್ಕತ್ತೆಯ ಒಂದು ಮೆಸ್ಸಿನಲ್ಲಿ ಅಡುಗೆಗೆ ಸೇರಿದ. ಅಲ್ಲಿ ಎಷ್ಟು ಬೇಕಾದರೂ ಕೆಮ್ಮಬಹುದು.

ಸ್ಟೇಷನ್ನಿಗೆ ಹೋಗಿದ್ದೆ. ರೈಲು ಹೊರಡುವಾಗ ಒಂದೇ ಮಾತು ಅಂದ: "ಬೇಳೆಗೆ ಇಂಗು ಕಮ್ಮಿ ಹಾಕೋ ಚಕಾ, ನಿಂದು ಕೈ ಜಾಸ್ತಿ."

ಅಂದು ಒಂದು ಕೆಮ್ಮಿಗೆ ಬಾಯಿ ಬಿಟ್ಟವನು ನಾನು. ಇಂದು ಏಕೆ ಸುಮ್ಮನಿದ್ದೀಯ ಅಂತ ಯಾರಾದರೂ ಕೇಳಿದರೆ? ಯಾರೂ ಕೇಳುವುದಿಲ್ಲ. ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಎರಡು ಶಬ್ದ ಮಾತ್ರ ಗೊತ್ತು.

ನವೆಂಬರ್ 10, ಭಾನುವಾರ

ಸರದಿ ನಿನ್ನೆ ಮುಗಿಯಿತು. ಇವತ್ತು ಡಬ್ಬಿಯಿಂದ ಫೋನು ತೆಗೆದು ಓದಬೇಕೆಂದಿದ್ದೆ. ಓದಿ, ಬೋವುಗೆ ಹೇಳಿ, ರಾತ್ರಿಯ ರೈಲಿಗೆ ಕಲ್ಕತ್ತೆಗೆ ಹೋಗಬೇಕೆಂದಿದ್ದೆ. ಇದೆಲ್ಲ ನಿಜವಾಗಿಯೂ ಅಂದುಕೊಂಡಿದ್ದೆ.

ಬೆಳಿಗ್ಗೆ ಬೋವು ತುಳಸಿ ಕಟ್ಟೆಯ ಮುಂದೆ ಕೂತು ಬಣ್ಣದ ಪುಡಿಯಲ್ಲಿ ಕಮಲ ಬರೆಯುತ್ತಿದ್ದಳು. ಕಾರ್ತಿಕದ ವ್ರತ, ದಿನಕ್ಕೆ ಒಂದೇ ಊಟ, ಉಪ್ಪು ಖಾರವಿಲ್ಲ. ಹುಣ್ಣಿಮೆಗೆ ಇನ್ನು ಐದೇ ದಿನ.

"ಈ ವರ್ಷದ್ದು ಬಟನ ಹೆಸರಲ್ಲಿ ಹಿಡಿದಿದೀನಿ ಕಣೋ. ಅವನ ಎದೆ ಹಗುರ ಆಗ್ಲಿ ಅಂತ. ನಡುವೆ ಭಂಗ ಆಗ್ಬಾರ್ದು ನೋಡು."

ಹೇಳಿದರೆ ಭಂಗವಾಗುತ್ತದೆ. ಹುಣ್ಣಿಮೆಯವರೆಗೆ ಸುಮ್ಮನಿರುವುದು ಅವಳ ಒಳ್ಳೆಯದಕ್ಕೇ.

ಅಷ್ಟರಲ್ಲಿ ಬಡಬಾಪಾ ಬಂದರು. ನಾಳೆಯಿಂದ ಸರದಿ ಇದ್ದ ಜಟಿಯಾನ ಹೆಂಡತಿ ಹೆತ್ತಳಂತೆ.

"ಆ ಮುಠ್ಠಾಳ ತಾನೇ ಬಂದು ಹೇಳ್ದ ನೋಡು. ಒಂದು ವಾರ ತಡ್ಕೊಂಡು ಹೆರೋಕಾಗ್ತಿರ್ಲಿಲ್ವಾ ಅಂದೆ. ಹೆಣ್ಣು ಮಗು ಬಡಬಾಪಾ, ನನ್ನ ಮಾತು ಎಲ್ಲಿ ಕೇಳತ್ತೆ ಅಂತಾನೆ. ಹುಣ್ಣಿಮೆವರೆಗೂ ನೀನೇ ಒಲೆ ಹಿಡಿ. ಆಗುತ್ತಾ?"

ಇಲ್ಲ ಅನ್ನಲು ಇದಕ್ಕಿಂತ ಸುಲಭದ ಸಮಯವಿರಲಿಲ್ಲ. ಬೋವು ಬಣ್ಣದ ಕೈ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ಹೆಮ್ಮೆ.

"ಆಗುತ್ತೆ" ಅಂದೆ.

ನವೆಂಬರ್ 12, ಮಂಗಳವಾರ, ಏಕಾದಶಿ

ಮಹಾಪ್ರಸಾದ ಮಾರುವ ಆನಂದಬಜಾರಿನಲ್ಲಿ ಒಬ್ಬಳು ಮುದುಕಿ ನನ್ನ ಮಡಕೆಯ ಮುಂದೆ ಕೂತಳು. ಸಂಬಲಪುರದ ಕಡೆಯ ಮಾತು.

"ಅಪ್ಪಾ, ನಾಲ್ಕಗುಳು ಎಲೇಲಿ ಕಟ್ಟಿಕೊಡು. ನನ್ನ ಮಗ ಮಲಗಿದಾನೆ. ಡಾಕ್ಟ್ರು ಕೈಬಿಟ್ರು. ಬಾಯಿಗೆ ಇದನ್ನಾದ್ರೂ ಹಾಕ್ತೀನಿ."

ಎಲೆ ತೆಗೆದುಕೊಂಡೆ. ಕೈ ನನ್ನ ಮಡಕೆಯೊಳಗೆ ಹೋಗಲಿಲ್ಲ. ಎದ್ದು ಆ ತುದಿಯಲ್ಲಿ ಕೂತಿದ್ದ ಸುವಾರನ ಬಳಿ ಹೋಗಿ ಅವನ ಮಡಕೆಯಿಂದ ಒಂದು ಹಿಡಿ ಕಟ್ಟಿಸಿ ತಂದೆ. ಅವನು, "ಯಾಕೋ, ನಿಂದೇನು ಹಳಸಿದೆಯಾ?" ಅಂದ. "ನಿನ್ನ ಕೈರುಚಿ ಕೇಳಿದ್ಳು ಮುದುಕಿ" ಅಂದೆ. ಖುಷಿಯಾಗಿ ಇನ್ನೂ ಒಂದು ಹಿಡಿ ಹಾಕಿದ.

"ನಿನ್ನ ಮಡಕೇಲೂ ಇತ್ತಲ್ಲಪ್ಪಾ?" ಅಂದಳು ಮುದುಕಿ.

"ಅದು ಬೇರೆಯವರಿಗೆ."

ಅವಳು ಹೋದ ಮೇಲೆ ಬೇರೆಯವರು ಬಂದರು. ಅವರಿಗೆ ಬಡಿಸಿದೆ. ಎಷ್ಟು ಜನ ಅಂತ ಎಣಿಸಲಿಲ್ಲ. ಅವರೆಲ್ಲರ ಮನೆಯಲ್ಲಿ ಮಲಗಿದವರು ಯಾರೂ ಇಲ್ಲ ಅಂತ ನನಗೆ ಹೇಗೆ ಗೊತ್ತು.

ಕೊನೆಗೆ ಬಟಭಾಯಿಯ ಬಾಯಿಗೆ ಯಾರು ಏನು ಹಾಕಿದರೋ.

ಈ ಮೇಲಿನ ಸಾಲು ಬರೆಯಬಾರದಿತ್ತು. ಹೊಡೆದು ಹಾಕುವುದಿಲ್ಲ, ಇರಲಿ.

ನವೆಂಬರ್ 13, ಬುಧವಾರ

ಇವತ್ತು ಹೇಳಲು ಹೋದೆ. ಬಡಬಾಪಾ ಬಾವಿಕಟ್ಟೆಯ ಬಳಿ ಒಬ್ಬರೇ ಇದ್ದರು.

"ಬಡಬಾಪಾ, ನಮ್ಮನೇಲಿ ಒಂದು..."

ಅವರು ಎರಡೂ ಅಂಗೈಯಿಂದ ಎರಡೂ ಕಿವಿ ಮುಚ್ಚಿಕೊಂಡರು. ಮಗುವಿನ ಹಾಗೆ, ಗಟ್ಟಿಯಾಗಿ. ಹುಬ್ಬಿಲ್ಲದ ಆ ಮುಖ ಹಾಗೆ ನೋಡಿದರೆ ಬೇರೆ ದಿನ ನಗು ಬರುತ್ತಿತ್ತು.

"ಹುಣ್ಣಿಮೆ ಮುಗೀಲಿ" ಅಂದರು. "ಹೊರಗೆ ಲಕ್ಷ ಜನ ಇದಾರೆ. ನಾನೇನೂ ಕೇಳಿಲ್ಲ, ನೀನೇನೂ ಹೇಳಿಲ್ಲ. ಹೋಗು, ಮೂರನೇ ಒಲೆ ಉರಿ ಸಾಲ್ತಾ ಇಲ್ಲ."

ಹೋಗಿ ಉರಿ ಹೆಚ್ಚಿಸಿದೆ.

ನವೆಂಬರ್ 15, ಶುಕ್ರವಾರ, ಹುಣ್ಣಿಮೆ

ನಸುಕಿನಲ್ಲಿ ನರೇಂದ್ರ ಕೆರೆಗೆ ಬೋವುವನ್ನು ಕರೆದುಕೊಂಡು ಹೋದೆ. ಊರೆಲ್ಲ ಬಾಳೆದಿಂಡಿನ ದೋಣಿ ತೇಲಿಬಿಡಲು ಬಂದಿತ್ತು. ನಮ್ಮ ದೋಣಿಯನ್ನು ನಾನೇ ಮಾಡಿದ್ದೆ, ನಿನ್ನೆ ಸಂಜೆ ಕೂತು, ಬಿದಿರು ಕಡ್ಡಿ ಚುಚ್ಚಿ, ಬಣ್ಣದ ಕಾಗದ ಅಂಟಿಸಿ. ಬೋವು ಅದರಲ್ಲಿ ದೀಪ, ಅಡಿಕೆ, ವೀಳ್ಯದೆಲೆ ಇಟ್ಟಳು.

"ಬಟನ ಕೆಮ್ಮೆಲ್ಲಾ ಇದರಲ್ಲಿ ಕೂತ್ಕೊಂಡು ಹೋಗ್ಲಿ" ಅಂತ ನೀರಿಗೆ ತಳ್ಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ಫೋನ್ ಮಾಡಿ ಕೇಳು, ಹಗುರ ಆಗಿರತ್ತೆ" ಅಂದಳು.

"ಒಲೆ ಮುಗಿಸ್ಕೊಂಡು ಬಂದು ಮಾಡ್ತೀನಿ ಬೋವು."

ಒಲೆ ಮುಗಿಸಿಕೊಂಡು ಬಂದೆ. ಮಾಡಲಿಲ್ಲ. ಅವಳು ವ್ರತ ಮುಗಿದ ದಣಿವಿಗೆ ಮಲಗಿಬಿಟ್ಟಿದ್ದಳು. ಎಬ್ಬಿಸಬಾರದು ಅನ್ನಿಸಿತು.

ಎಷ್ಟು ಕಾರಣ ಸಿಗುತ್ತವೆ. ನೌಕರಿ ಹುಡುಕುವಾಗ ಇಷ್ಟು ಸಿಕ್ಕಿರಲಿಲ್ಲ.

ನವೆಂಬರ್ 16, ಶನಿವಾರ

ತಿಂಗಳ ಪಥ್ಯ ಮುಗಿಯಿತೆಂದು ಊರಿಗೆ ಊರೇ ಮೀನು ಹುರಿಯುತ್ತಿತ್ತು. ಆ ಹೊಗೆ, ಆ ವಾಸನೆಯ ನಡುವೆ ಟಿಕಿ ಬಂದಳು.

ನಾಲ್ಕು ವರ್ಷದವಳಿದ್ದಾಗ ಬಿಟ್ಟುಹೋದ ಬೀದಿ. ಕೇಳಿಕೊಂಡು ಬಂದಿದ್ದಳು. ಹೆಗಲಲ್ಲಿ ಒಂದು ಚೀಲ, ಎರಡೂ ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಒಂದು ಸಣ್ಣ ಮಡಕೆ. ಬೋವು ಅಂಗಳದಲ್ಲಿ ತುಳಸಿಯ ಮುಂದಿನ ಕಮಲಗಳನ್ನು ಗುಡಿಸುತ್ತಿದ್ದಳು. ತಲೆಯೆತ್ತಿ ಹುಡುಗಿಯ ಮುಖ ನೋಡಿದಳು, ಮಡಕೆ ನೋಡಿದಳು. ಬಹಳ ಹೊತ್ತು ಮಡಕೆಯನ್ನೇ ನೋಡಿದಳು.

"ಇದು ಬಟಾನಾ?"

"ಹೂಂ ಜೇಜೆಮಾ."

"ಇಷ್ಟೇನಾ?" ಅಂದಳು ಬೋವು. "ಎರಡು ಮಣ ಸೌದೆ ಹೆಗಲ ಮೇಲೆ ಹೊರ್ತಿದ್ದ ಕಣೇ."

ಪೊರಕೆ ಇನ್ನೂ ಕೈಯಲ್ಲೇ ಇತ್ತು. ಹಾಗೇ ಕೂತಳು, ಬಣ್ಣದ ಪುಡಿಯ ಮೇಲೆ.

ಟಿಕಿ ಗಾಬರಿಯಾಗಿ ನನ್ನ ಕಡೆ ನೋಡಿದಳು. "ಕಾಕಾ, ಜೇಜೆಮಾಗೆ ಹೇಳಿರ್ಲಿಲ್ವಾ? ನಾನು ಅವತ್ತೇ ಮೆಸೇಜ್ ಹಾಕಿದ್ನಲ್ಲ?"

ನಾನು ಬಾಯಿ ತೆರೆಯುವುದರೊಳಗೆ ಸುಕಾಂತಿ ಒಳಗಿನಿಂದ ಓಡಿ ಬಂದಳು. "ಇವರ ಫೋನ್ ಕೆಟ್ಟು ಹನ್ನೆರಡು ದಿನ ಆಯ್ತಮ್ಮಾ. ನೀರಿಗೆ ಬಿತ್ತು, ನಂದೂ ರಿಪೇರಿಗೆ ಹೋಗಿತ್ತು. ಒಂದೂ ಗೊತ್ತಾಗ್ಲಿಲ್ಲ ನಮ್ಗೆ." ಹೇಳಿ, ಹುಡುಗಿಯನ್ನು ಅಪ್ಪಿಕೊಂಡು ಜೋರಾಗಿ ಅತ್ತಳು. ಅಳು ಮಾತ್ರ ನಿಜವಾದದ್ದು. ಹನ್ನೆರಡು ದಿನದ್ದು.

"ಹೌದಾ?" ಅಂದಳು ಟಿಕಿ. ಅವಳ ಮುಖವೆಲ್ಲ ಸಡಿಲವಾಯಿತು. "ಅದಕ್ಕೇನಾ! ನಾನು ಏನೇನೋ ಅಂದ್ಕೊಂಡುಬಿಟ್ಟಿದ್ದೆ ಕಾಕಾ. ಬೈದೂ ಬಿಟ್ಟಿದ್ದೆ ಮನಸ್ಸಲ್ಲಿ. ತಪ್ಪು ತಿಳ್ಕೋಬೇಡಿ."

"ಪರವಾಗಿಲ್ಲಮ್ಮಾ" ಅಂದೆ.

ಹೀಗೆ ಅವಳನ್ನು ಕ್ಷಮಿಸಿದೆ.

ನವೆಂಬರ್ 17, ಭಾನುವಾರ

ಬೆಳಿಗ್ಗೆ ಸ್ವರ್ಗದ್ವಾರದ ಕಡಲ ದಂಡೆಗೆ ಹೋದೆವು, ಬೋವು, ಟಿಕಿ, ನಾನು, ಸುಕಾಂತಿ. ಪುರೋಹಿತ ಪಾಣಿಗ್ರಾಹಿ ಮರಳಿನ ಮೇಲೆ ದರ್ಭೆ ಹಾಸಿ ಕೂತಿದ್ದರು. ನಮ್ಮ ಬೀದಿಯಲ್ಲಿ ಅವರು ಮಾಡದ ಶ್ರಾದ್ಧವಿಲ್ಲ, ಅವರ ಬಾಯಿಂದ ಊರಿಗೆ ಹೋಗದ ಸುದ್ದಿಯಿಲ್ಲ.

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಹುಡುಗಿ ಹತ್ತು ದಿನ ಹಿಡಿದು, ಹನ್ನೊಂದನೇ ದಿನದ್ದೂ ಮುಗಿಸಿ ಬಂದಿದಾಳೆ. ಅವಳು ಶುದ್ಧ. ಹತ್ತು ದಿನ ದಾಟಿದ ಮೇಲೆ ಕೇಳಿದೋರಿಗೆ ಮೂರೇ ದಿನ ಸೂತಕ. ಬೋವು, ನೀವು ನಿನ್ನೆ ಕೇಳಿದ್ದು, ಸೊಸೇನೂ ನಿನ್ನೆ. ನಾಳೆಗೆ ಮುಗಿಯತ್ತೆ. ಚಕಾ, ನಿಂಗೂ ನಿನ್ನೆಯಿಂದ್ಲೇ ತಾನೆ?"

ತಲೆಯಾಡಿಸಿದ್ದರೆ ಸಾಕಿತ್ತು. ಸುಕಾಂತಿ ಹಿಂದಿನಿಂದ ನನ್ನ ಪಂಚೆಯ ಅಂಚು ಹಿಡಿದು ಎಳೆದಳು. ತಲೆಯಾಡಿಸಲು ಹೊರಟೆ ಕೂಡ. ಆಗ ಟಿಕಿ ಅಂದಳು, "ಹೌದು ಪಂಡಿತ್ರೇ, ಕಾಕಾನ ಫೋನ್ ಕೆಟ್ಟಿತ್ತು." ನನ್ನ ಪರವಾಗಿ, ಮಡಕೆ ಎದೆಗೊತ್ತಿಕೊಂಡು.

"ಐದನೇ ತಾರೀಕು" ಅಂದೆ.

"ಏನು?"

"ನಂಗೆ ಗೊತ್ತಾಗಿದ್ದು ಐದನೇ ತಾರೀಕು. ಬೆಳಗ್ಗೆ ಐದೂ ಹತ್ತಕ್ಕೆ."

ಪಾಣಿಗ್ರಾಹಿ ದರ್ಭೆ ಕೆಳಗಿಟ್ಟರು. ದನಿ ತಗ್ಗಿಸಿದರು. "ಯೋಚ್ನೆ ಮಾಡಿ ಹೇಳೋ. ಐದನೇ ತಾರೀಕು ನೀನು ಒಲೆ ಮುಂದೆ ಇದ್ದೆ."

"ಇದ್ದೆ."

"ಹುಣ್ಣಿಮೆವರೆಗೂ ಇದ್ದೆ."

"ನಡುವೆ ಒಂದಿನ ಬಿಟ್ಟು."

"ಅಂದ್ರೆ ನಿನ್ನ ಹತ್ತು ದಿನದ ಸೂತಕ ಮುಗಿದೇ ಹೋಗಿದೆ ಮಾರಾಯಾ. ಆ ಕಾಳಿಯಾ ಜಗನ್ನಾಥನಿಗೆ ಅನ್ನ ಬೇಯಿಸ್ತಾ ಮುಗಿಸಿದೀಯ." ಅವರ ಬಾಯಿ ಹಾಗೇ ತೆರೆದುಕೊಂಡಿತ್ತು. ದೇವರಿಗೆ ಹೆದರಿ ಅಲ್ಲ, ಇಷ್ಟು ದೊಡ್ಡ ಸುದ್ದಿಯ ಭಾರಕ್ಕೆ.

ನಾನು ಅವರನ್ನು ನೋಡುತ್ತಿರಲಿಲ್ಲ.

"ಫೋನು ಕೆಟ್ಟಿರ್ಲಿಲ್ವಾ?" ಅಂದಳು ಟಿಕಿ.

"ಇಲ್ಲಮ್ಮಾ. ಚೆನ್ನಾಗೇ ಇತ್ತು. ಅದು ಬಡ್ಕೋತಾ ಇತ್ತು, ನಾನು ನೋಡ್ತಾ ನಿಂತಿದ್ದೆ."

ಅವಳು ಅಳಲಿಲ್ಲ, ಕೂಗಲಿಲ್ಲ. ಮೆಸ್ಸಿನ ಅಡುಗೆಯವನ ಮಗಳು, ನಿಧಾನವಾಗಿ ಒಂದೊಂದೇ ಹೇಳಿದಳು. "ಆರನೇ ತಾರೀಕು ಸಂಜೆವರೆಗೂ ಬಾಪಾನ ಇಟ್ಕೊಂಡಿದ್ದೆ. ಬೆಂಕಿ ಕೊಡೋಕೆ ಕಾಕಾ ಬರ್ತಾರೆ ಅಂತ. ಪುರಿ ಟ್ರೈನ್ ಬರೋ ಹೊತ್ತಿಗೆಲ್ಲಾ ಆಸ್ಪತ್ರೆ ಗೇಟಿಗೆ ಹೋಗಿ ನಿಂತ್ಕೋತಿದ್ದೆ. ಐದು ಗಂಟೆ ಮೇಲೆ ಇಟ್ಕೊಳ್ಳೋಕಾಗಲ್ಲ ಅಂದ್ರು. ಆಮೇಲೆ ನಾನೇ ಕೊಟ್ಟೆ."

ನಾನು ಹನ್ನೆರಡು ದಿನ ಅನ್ನ ಕೆಟ್ಟಿತೋ ಇಲ್ಲವೋ ಅಂತ ಮೂಸುತ್ತಿದ್ದೆ. ಆಸ್ಪತ್ರೆಗೂ ಒಂದು ಗೇಟು ಇರುತ್ತದೆ ಅಂತ ಹೊಳೆದಿರಲಿಲ್ಲ.

ಬೋವು ಅಲೆಗಳ ಕಡೆಗೇ ತಿರುಗಿದ್ದಳು. "ದೋಣಿ ನೀನೇ ಮಾಡ್ಕೊಟ್ಟೆ" ಅಂದಳು.

"ಹೂಂ."

"ಬಣ್ಣದ ಕಾಗದ ಅಂಟಿಸಿ."

"ಹೂಂ ಬೋವು."

ಮಡಕೆಗಾಗಿ ಕೈ ಚಾಚಿದೆ. ಟಿಕಿ ಕೊಡಲಿಲ್ಲ. ಸಲ್ವಾರು ಮೊಣಕಾಲಿಗೆ ಏರಿಸಿ ಒಬ್ಬಳೇ ನೀರಿಗಿಳಿದಳು. ಒಂದು ಅಲೆ ಅವಳನ್ನು ಬೀಳಿಸುವಂತೆ ಬಂತು, ಬೀಳಲಿಲ್ಲ. ನಾನು ದಂಡೆಯಲ್ಲಿ ನಿಂತು ನನ್ನ ಅಣ್ಣ ಹೋಗುವುದನ್ನು ನೋಡಿದೆ.

ಬಟಭಾಯಿ ಸತ್ತುಹೋದ. ಐದನೇ ತಾರೀಕು ಸತ್ತ.

ನವೆಂಬರ್ 18, ಸೋಮವಾರ

ಉಛಬ ಬಡಬಾಪಾ ಬೆಳಿಗ್ಗೆ ಬಂದರು. ಒಳಗೆ ಬರಲಿಲ್ಲ, ಜಗಲಿಯಲ್ಲೂ ಕೂರಲಿಲ್ಲ.

"ಪಾಣಿಗ್ರಾಹಿ ಬಾಯಿಂದ ಸಂಜೆಗೇ ಸಿಂಹದ್ವಾರ ಮುಟ್ತು. ಮಹಾಸ್ನಾನ ಆಯ್ತು. ಹೂಳೋಣ ಅಂದ್ರೆ ಒಂದು ಅಗುಳೂ ಇಲ್ಲ, ಎಲ್ಲಾ ಜನರ ಹೊಟ್ಟೇಲಿದೆ. ನಿನ್ನನ್ನ ಇನ್ನು ಕರೆಯಲ್ಲ ಚಕಾ."

"ಸರಿ ಬಡಬಾಪಾ."

"ಒಂದು ಮಾತು ನನಗ್ಯಾಕೋ ಹೇಳ್ಬಾರ್ದಿತ್ತು ನೀನು?" ಅಂದರು. ಬೀದಿಯವರಿಗೆ ಕೇಳಿಸುವಷ್ಟು ಜೋರಾಗಿ. ಆಮೇಲೆ ನನ್ನ ಕಣ್ಣು ತಪ್ಪಿಸಿ ಹೊರಟುಹೋದರು. ಬಾವಿಕಟ್ಟೆಯ ಮಾತು ನಾನು ಎತ್ತಲಿಲ್ಲ. ಅವರಿಗೂ ವಯಸ್ಸಾಯಿತು.

ಮಧ್ಯಾಹ್ನ ಊಟದ ಪ್ರಶ್ನೆ ಬಂತು. ಬೋವು, ಸುಕಾಂತಿ ಇಬ್ಬರಿಗೂ ಇವತ್ತಿನ ತನಕ ಸೂತಕ, ಒಲೆ ಮುಟ್ಟುವ ಹಾಗಿಲ್ಲ. ನೆರೆಯವರು ತಂದುಕೊಡುತ್ತಿದ್ದ ಊಟ ನಿನ್ನೆ ರಾತ್ರಿಯಿಂದ ನಿಂತಿದೆ. ಶಾಸ್ತ್ರದ ಪ್ರಕಾರ ಮನೆಯಲ್ಲಿ ಶುದ್ಧರಾಗಿ ಉಳಿದವರು ಟಿಕಿ ಮತ್ತು ನಾನು. ಎದ್ದು, ಕೈ ತೊಳೆದು, ಅಕ್ಕಿ ಡಬ್ಬಿಯ ಕಡೆ ಹೋದೆ.

"ನೀನು ಬೇಡ" ಅಂದಳು ಬೋವು. ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡೇ. "ಟಿಕಿ ಮಾಡ್ಲಿ."

ಬಂದು ಕೂತೆ. ಅಡುಗೆಮನೆಯಲ್ಲಿ ಅವಳು ಯಾವ ಪಾತ್ರೆ ಎಲ್ಲಿದೆ ಅಂತ ತಿಳಿಯದೆ ಸದ್ದು ಮಾಡುತ್ತಿದ್ದಳು. ನೀರು ಕಮ್ಮಿ ಇಟ್ಟಿದ್ದಾಳೆ ಅಂತ ಸದ್ದಿನಲ್ಲೇ ಗೊತ್ತಾಯಿತು. ಉರಿ ಜೋರಾಯಿತು ಅಂತ ವಾಸನೆಯಲ್ಲಿ ಗೊತ್ತಾಯಿತು. ಹೇಳಲಿಲ್ಲ.

ಬೋವುಗೆ ಬಡಿಸಿದಳು, ಸುಕಾಂತಿಗೆ ಬಡಿಸಿದಳು. ನನ್ನ ಮುಂದೆ ಎಲೆ ಇತ್ತು. ಪಾತ್ರೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಂದು ಸೌಟು ಹಾಕಿದಳು, ಮುಖ ನೋಡದೆ.

ಅನ್ನ ತಳ ಹಿಡಿದಿತ್ತು. ಅರ್ಧ ಅಗುಳು ಬೆಂದಿರಲಿಲ್ಲ. ಒಂದೂ ಬಿಡದೆ ತಿಂದೆ. ಎಲೆ ಖಾಲಿಯಾದ ಮೇಲೂ ಏಳಲಿಲ್ಲ.

"ಇನ್ನೊಂದು ಸ್ವಲ್ಪ ಹಾಕಮ್ಮಾ."

"ತಳದ್ದು ಮಾತ್ರ ಉಳಿದಿದೆ. ಕರಕಲು."

"ಅದೇ ಹಾಕು."

ಸೌಟಿನಿಂದ ಕೆರೆದು ಹಾಕಿದಳು.